ಅವನ ಚೆಂಡು

ಟೇಬಲ್ ಟೆನಿಸ್ ಡಬಲ್ಸ್‌ನಲ್ಲಿ ಒಬ್ಬರೇ ಎರಡು ಸಲ ಹೊಡೆಯುವಂತಿಲ್ಲ. ಒಂದು ಚೆಂಡು ನನ್ನದು, ಮುಂದಿನದು ಜೊತೆಗಾರನದು. ಹೊಡೆದವರು ತಕ್ಷಣ ಪಕ್ಕಕ್ಕೆ ಸರಿದು, ಹಿಂದೆ ಹೋಗಿ, ಜಾಗ ಬಿಡಬೇಕು. ಕಲಿಸಿದ ಡ್ರಿಲ್ ಮೇಷ್ಟ್ರು ದಿನಾ ಬಡಕೊಳ್ಳುತ್ತಿದ್ದರು: "ಅವನು ಹೊಡೀತಾನೋ ಬಿಡ್ತಾನೋ, ನಿಂಗ್ಯಾಕೆ? ಅದು ಅವನ ಚೆಂಡು." ನನಗೆ ಹೊಡೆಯುವುದು ಬಂತು, ಸರಿಯುವುದು ಬರಲೇ ಇಲ್ಲ.

ಜೊತೆಗಾರ ನನ್ನ ತಮ್ಮ. ಮನೆಯಲ್ಲಿ ಅವನಿಗೆ ಆಮೆ ಅಂತಲೇ ಹೆಸರು; ಇಟ್ಟವಳು ನಾನೇ. ಶಾಲೆಯ ಫೈನಲ್‌ನಲ್ಲಿ ಕೊನೆಯ ಪಾಯಿಂಟಿಗೆ ಚೆಂಡು ಅವನ ಸರದಿಗೆ ಬಂತು. ಇವನು ತಲುಪುವಷ್ಟರಲ್ಲಿ ಬೆಳಗಾಗುತ್ತೆ ಅಂದುಕೊಂಡು ನಾನೇ ನುಗ್ಗಿ ಹೊಡೆದೆ. ಸೋತೆವು. ಮೇಷ್ಟ್ರು ಕೆಂಡವಾಗಿ ಬಂದರೆ ಇವನು, "ನಾನೇ ತಡ ಮಾಡ್ದೆ ಸಾರ್, ಅಕ್ಕ ಇನ್ನೇನು ಮಾಡ್ತಾಳೆ?" ಅಂದ. ಮೂವತ್ತು ವರ್ಷ ನಾನೂ ಅದನ್ನೇ ನಂಬಿಕೊಂಡು ಬಂದೆ. ನನಗೆ ಅನುಕೂಲವಾಗಿತ್ತು.

ಈಗ ನಾನು ಶರ್ಟ್ ಕಾರ್ಖಾನೆಯಲ್ಲಿ ಚೆಕಿಂಗ್ ಮೇಜಿನವಳು. ಕಾಲರು, ಕಾಜಾ, ತೋಳಿನ ಹೊಲಿಗೆ ನೋಡಿ, ತಪ್ಪು ಕಂಡಲ್ಲಿ ಕೆಂಪು ಸ್ಟಿಕ್ಕರ್ ಅಂಟಿಸುವುದು ಕೆಲಸ. ಮನೆಗೆ ಬಂದರೂ ಕಣ್ಣು ಸುಮ್ಮನಿರುವುದಿಲ್ಲ. ಅಮ್ಮ ಸೊಂಟ ಮುರಿದು ಹಾಸಿಗೆ ಹಿಡಿದು ಎರಡು ವರ್ಷವಾಗಿತ್ತು. ಸ್ನಾನ, ಬಟ್ಟೆ, ಊಟ, ಸಕ್ಕರೆ ಕಾಯಿಲೆಯ ಮಾತ್ರೆ, ಎಲ್ಲ ನನ್ನ ತಲೆಯ ಮೇಲೆ. ಮೊದಮೊದಲು ಸಿಟ್ಟು ಬರುತ್ತಿತ್ತು, ಅಳು ಬರುತ್ತಿತ್ತು. ಆಮೇಲೆ ಏನೂ ಬರಲಿಲ್ಲ. ಅಮ್ಮನ ತಲೆ ಬಾಚುವಾಗಲೂ ಶರ್ಟ್ ಮಡಿಸುವ ಹಾಗೆ ಬಾಚುತ್ತಿದ್ದೆ.

ತಮ್ಮ ಬಸ್ ಡ್ರೈವರ್. ನನ್ನ ಮುಖ ನೋಡಿ ನೋಡಿ ಸಾಕಾಗಿ, ಡಿಪೋದಲ್ಲಿ ಕೇಳಿಕೊಂಡು ಮಧ್ಯಾಹ್ನದ ಪಾಳಿ ಹಾಕಿಸಿಕೊಂಡ. "ಬೆಳಗಿಂದು ನಂದು ಅಕ್ಕ. ನೀನು ಕೈ ಹಾಕ್ಬೇಡ," ಅಂದ. ನಾನು ಹೂಂ ಅಂದೆ. ಅವನು ಕೊಟ್ಟ ಮೇಲೆ ಕದ್ದು ಮಾತ್ರೆ ಎಣಿಸುತ್ತಿದ್ದೆ.

ಆ ಬೆಳಗ್ಗೆ ಮಾತ್ರೆಯ ಹಾಳೆಯಲ್ಲಿ ನಾಲ್ಕು ಉಳಿದಿದ್ದವು. ಹಿಂದಿನ ದಿನವೂ ನಾಲ್ಕೇ. ಅಮ್ಮನಿಗೆ ಮಂಪರು, ಕೇಳಿ ಪ್ರಯೋಜನವಿಲ್ಲ. ಬಚ್ಚಲಿಂದ ತಮ್ಮ, "ಕೊಟ್ಟಾಯ್ತು ಅಕ್ಕ!" ಅಂತ ಕೂಗಿದ. ಕೊಟ್ಟಿದ್ದಾನಂತೆ, ಇವನ ತಲೆ! ನಾನೇ ಒಂದು ಮಾತ್ರೆ ನುಂಗಿಸಿ ಕೆಲಸಕ್ಕೆ ಹೋದೆ. ಅವನು ಆವತ್ತಿನ ಮಾತ್ರೆಗೆ ಹೊಸ ಹಾಳೆ ಒಡೆದಿದ್ದ. ಅದು ಅಮ್ಮನ ದಿಂಬಿನ ಪಕ್ಕದಲ್ಲೇ ಇತ್ತು, ನಾನು ನೋಡಲಿಲ್ಲ.

ಹನ್ನೊಂದಕ್ಕೆ ಫೋನ್ ಬಂತು. "ಅಕ್ಕ, ಅಮ್ಮ ಬೆವರಲ್ಲಿ ನೆಂದುಹೋಗಿದಾಳೆ. ಕೂಗಿದ್ರೆ ಕಣ್ಣು ಬಿಡ್ತಿಲ್ಲ." ಕೈಯಲ್ಲಿದ್ದ ಶರ್ಟಿನ ಕಾಲರ್ ಸೊಟ್ಟಗಿತ್ತು. ಸ್ಟಿಕ್ಕರ್ ಅಂಟಿಸಿ, ಪಕ್ಕಕ್ಕಿಟ್ಟು, ಆಮೇಲೆ ಹೊರಟೆ. ಯಾಕೆ ಹಾಗೆ ಮಾಡಿದೆನೋ ಇವತ್ತಿಗೂ ಗೊತ್ತಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕೇಳಿದರು. "ಸಕ್ಕರೆ ಈ ಪಾಟಿ ಇಳಿದಿದೆ ಅಂದ್ರೆ ಮಾತ್ರೆ ಎರಡು ಸಲ ಹೋಗಿರಬೇಕು. ಯಾರು ಕೊಟ್ಟಿದ್ದು?"

ತಮ್ಮ ನನ್ನ ಕಡೆ ನೋಡಿದ. ಒಂದೇ ಕ್ಷಣ. ಅಷ್ಟರಲ್ಲೇ ಅವನಿಗೆ ಎಲ್ಲ ಅರ್ಥವಾಗಿತ್ತು.

"ನಾನೇ ಮೇಡಂ. ಕೊಟ್ಟಿದ್ದು ಮರೆತು ಇನ್ನೊಂದ್ಸಲ ಕೊಟ್ಟುಬಿಟ್ಟೆ."

ಡಾಕ್ಟರಮ್ಮ ಅವನನ್ನು ಹಿಗ್ಗಾಮುಗ್ಗಾ ಬೈದರು. ನಾನು ಗೋಡೆಯ ಗಡಿಯಾರ ನೋಡುತ್ತಾ ನಿಂತೆ. ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಕೈಕಾಲು ನನ್ನವಲ್ಲ ಅನ್ನಿಸಿತು, ಅಷ್ಟೇ.

ಅಮ್ಮ ಉಳಿದಳು. ಮೂರನೇ ದಿನ ಮನೆಗೆ ಬಂದಳು. ತಮ್ಮನದೇ ತಪ್ಪು ಅಂತ ಆಸ್ಪತ್ರೆಯಲ್ಲೇ ಅವಳ ಕಿವಿಗೆ ಬಿದ್ದಿತ್ತು. ನಾಲ್ಕನೇ ದಿನ ಬೆಳಗ್ಗೆ ತಮ್ಮ ಮಾತ್ರೆ, ನೀರಿನ ಲೋಟ ಹಿಡಿದು ಹೋದರೆ ಬಾಯಿ ಬಿಗಿದುಕೊಂಡಳು.

"ನಿನ್ನ ಕೈಯಿಂದ ಬೇಡ ಕಣೋ. ಒಂದ್ಸಲ ಕೊಂದಿದ್ದು ಸಾಲದಾ? ನಿಮ್ಮಕ್ಕನ್ನ ಕರಿ."

ತಮ್ಮ ನಕ್ಕ. ನಗು ಬಾಯಿಯಿಂದ ಮೇಲಕ್ಕೆ ಹೋಗಲಿಲ್ಲ. ಮಾತ್ರೆಯನ್ನು ನನ್ನ ಕಡೆ ಚಾಚಿ, "ತಗೋ ಅಕ್ಕ. ನಾಳೆಯಿಂದ ನೀನೇ ಕೊಡು. ನಾನು ಹಳೇ ಪಾಳಿಗೆ ಹೋಗ್ತೀನಿ," ಅಂದ.

ನನ್ನ ಕೈ ಆಗಲೇ ಮುಂದಕ್ಕೆ ಹೋಗಿತ್ತು. ಮಾತ್ರೆ ತೆಗೆದುಕೊಂಡರೆ ಮುಗಿಯಿತು. ಅಮ್ಮ ನನ್ನವಳೇ, ಮನೆ ನನ್ನದೇ, ತಪ್ಪು ಮಾತ್ರ ಅವನದು, ಫೈನಲ್‌ನಲ್ಲಿ ಆದ ಹಾಗೇ. ಅವನ ಅಂಗೈಯಲ್ಲಿ ಬೆವರಿಗೆ ಮಾತ್ರೆಯ ಅಂಚು ಕರಗುತ್ತಿತ್ತು. ನಾನು ಕೈ ಹಿಂದಕ್ಕೆಳೆದುಕೊಂಡೆ.

"ಅಮ್ಮ, ಇವನು ಒಂದೇ ಸಲ ಕೊಟ್ಟಿದ್ದು. ಎರಡನೇದು ನಾನು ಕೊಟ್ಟೆ. ಕೊಟ್ಟಾಯ್ತು ಅಂತ ಇವನು ಕೂಗಿದ. ನಾನು ನಂಬಲಿಲ್ಲ."

"ಅಕ್ಕ, ಸುಮ್ನಿರು," ಅಂದ ತಮ್ಮ.

"ನೀನು ಸುಮ್ನಿರೋ. ಆವತ್ತು ಫೈನಲ್‌ನಲ್ಲೂ ನಾನೇ ಹೊಡೆದಿದ್ದು. ನೀನು ಚೆಂಡಿನ ಹತ್ರಾನೇ ಇದ್ದೆ. ನಾನು ನೋಡಿದ್ದೆ."

ಅಮ್ಮ ನನ್ನನ್ನೇ ದಿಟ್ಟಿಸಿದಳು. ಬೈಯಲಿ ಅಂತ ಕಾದೆ. ಬೈದಿದ್ದರೆ ಏನಾದರೂ ಅನ್ನಿಸುತ್ತಿತ್ತೇನೋ. ಅವಳು ಬೈಯಲಿಲ್ಲ. ಮುಖವನ್ನು ನಿಧಾನವಾಗಿ ನನ್ನಿಂದ ತಮ್ಮನ ಕಡೆ ತಿರುಗಿಸಿ ಬಾಯಿ ತೆರೆದಳು.

ನಾನು ಮಂಚ ಮತ್ತು ಗೋಡೆಯ ನಡುವೆ ನಿಂತಿದ್ದೆ, ಅವನ ದಾರಿಗೆ ಅಡ್ಡ. ಪಕ್ಕಕ್ಕೆ ಸರಿದು, ಹಿಂದೆ ಹೋಗಿ, ಜಾಗ ಬಿಟ್ಟೆ. ಅವನು ಒಂದು ಕೈಯಲ್ಲಿ ಅವಳ ಕತ್ತೆತ್ತಿ ಮಾತ್ರೆ ಹಾಕಿ, ಗುಟುಕು ಗುಟುಕಾಗಿ ನೀರು ಕುಡಿಸಿದ. ಎಷ್ಟು ಹೊತ್ತು, ದೇವರೇ! ನಾನಾಗಿದ್ದರೆ ಅಷ್ಟರಲ್ಲಿ ಬಸ್ ಸ್ಟಾಪಿನಲ್ಲಿರುತ್ತಿದ್ದೆ. ಅಮ್ಮ ಒಂದು ಹನಿಯನ್ನೂ ಚೆಲ್ಲಲಿಲ್ಲ. ನನ್ನ ಕೈಯಲ್ಲಿ ಕುಡಿದಾಗಲೆಲ್ಲ ಅವಳ ಎದೆ ಒದ್ದೆಯಾಗುತ್ತಿತ್ತು.

ಅಳು ಬರಲಿಲ್ಲ. ಹಗುರವೂ ಆಗಲಿಲ್ಲ.

ಅವನು ಲೋಟ ತೊಳೆದು ಕವುಚಿಟ್ಟ. ಅಂಚಿನಲ್ಲಿ ಕಲೆ ಹಾಗೇ ಇತ್ತು. ನಾನು ನೋಡಿದೆ. ಚಪ್ಪಲಿ ಮೆಟ್ಟಿಕೊಂಡು ಕೆಲಸಕ್ಕೆ ಹೊರಟೆ.