ಆರಕ್ಕೆ ಹತ್ತು ನಿಮಿಷ

ಮೀಸೆ ನರೆತರೂ ನನ್ನ ತಮ್ಮ ಮನೆಯಲ್ಲಿ ಪಾಪುವೇ. ಮನೆ, ಸೈಟು ಮಾರಿಸುವ ದಲ್ಲಾಳಿ ಕೆಲಸ ಅವನದು. ಕೊಳ್ಳಲು ಬಂದವರು ಬಾಯಿ ತೆರೆಯುವಷ್ಟರಲ್ಲಿ ಅವರನ್ನು ಎರಡು ಮಹಡಿ ಹತ್ತಿಸಿ ಇಳಿಸಿರುತ್ತಾನೆ. ನಾನು ಮುದ್ರಣಾಲಯದಲ್ಲಿ ಕರಡು ತಿದ್ದುವವಳು. ಒಂದು ಮಾತು ಆಡುವ ಮೊದಲು ಅದನ್ನು ಹತ್ತು ಸಲ ತಿರುಗಿಸಿ ನೋಡುವ ರೋಗ ಈ ಕೆಲಸದಿಂದ ಬಂತೋ, ರೋಗ ಇದ್ದದ್ದರಿಂದ ಕೆಲಸ ಸಿಕ್ಕಿತೋ, ಗೊತ್ತಿಲ್ಲ.

ಆ ಭಾನುವಾರ ಅವನನ್ನು ಕರೆಸಿದ್ದು ನಾನೇ. ಸೊಂಟದ ಮೂಳೆ ಮುರಿದು ಕೂಡಿಕೊಂಡ ಮೇಲೆ ಅಮ್ಮ ಕುರ್ಚಿಯಿಂದ ಏಳಬೇಕಾದರೂ, ಮಂಚದಲ್ಲಿ ಮಗ್ಗುಲು ಬದಲಿಸಬೇಕಾದರೂ ಒಬ್ಬರು ಕಂಕುಳಿಗೆ ಕೈಕೊಟ್ಟು ಎತ್ತಬೇಕು. ಎತ್ತಿ ಎತ್ತಿ ನನ್ನ ಬಲಭುಜ ಹೋಗಿತ್ತು. ತಲೆ ಬಾಚಲು ಕೈ ಮೇಲೇಳುತ್ತಿರಲಿಲ್ಲ. ಮೂರು ತಿಂಗಳು ಭಾರ ಎತ್ತಬೇಡಿ, ಎತ್ತಿದರೆ ಈ ಕೈ ಹೀಗೇ ಉಳಿದುಬಿಡುತ್ತದೆ ಎಂದಿದ್ದರು ಡಾಕ್ಟರು. ಆ ಮೂರು ತಿಂಗಳು ಅಮ್ಮ ಪಾಪುವಿನ ಮನೆಯಲ್ಲಿರಬೇಕು. ನಾನು ಕೇಳಬೇಕಾಗಿದ್ದದ್ದು ಇಷ್ಟೇ.

ಚಪ್ಪಲಿ ಬಿಡುವಾಗಲೇ ಅವನು ಶುರುಮಾಡಿದ. ದಾರಿಯ ಟ್ರಾಫಿಕ್ಕು, ಮಾರಾಟವಾಗದ ಯಾವುದೋ ಮನೆ, ಅದರ ಸೋರುವ ಬಚ್ಚಲು.

"ಪಾಪು, ಒಂದು ವಿಷಯ..." ಎಂದೆ.

"ಅಮ್ಮನ ವಿಷಯ ತಾನೇ? ಫೋನಲ್ಲಿ ನಿನ್ನ ದನಿ ಕೇಳಿದಾಗಲೇ ಅಂದ್ಕೊಂಡೆ. ನೀನಿದ್ದೀಯಲ್ಲ ಅಂತ ನಾನು ನಿಶ್ಚಿಂತೆಯಾಗಿದ್ದೀನಿ ಅಕ್ಕ. ಮೊನ್ನೆ ನನ್ನ ಹೆಂಡತಿಗೂ ಅದೇ ಹೇಳಿದೆ."

"ಅದಲ್ಲ, ನನ್ನ ಭುಜ..."

"ಭುಜಕ್ಕೆ ಬಿಸಿನೀರು ಶಾಖ ಕೊಡು. ನಂಗೂ ಬೆನ್ನು ಹಿಡ್ಕೊಂಡಿತ್ತು..."

ಮೂರನೆಯ ಸಲ ನನ್ನ ಮಾತು ಕತ್ತರಿಸಿದಾಗ ಕುರ್ಚಿಯಲ್ಲಿದ್ದ ಅಮ್ಮ ಕೋಲಿನಿಂದ ನೆಲ ಕುಟ್ಟಿದಳು. "ಪಾಪು, ಅಲಮಾರಿನ ಮೇಲಿಂದ ಆ ಮರದ ಪೆಟ್ಟಿಗೆ ಇಳಿಸು."

ಪೆಟ್ಟಿಗೆಯಲ್ಲಿದ್ದದ್ದು ಅಮ್ಮನ ಚೆಸ್ ಗಡಿಯಾರ. ವಾರವೆಲ್ಲ ಶಾಲೆಯಲ್ಲಿ ಲೆಕ್ಕ ಹೇಳಿಕೊಟ್ಟು, ರಜೆಯ ದಿನಗಳಲ್ಲಿ ಚೆಸ್ ಪಂದ್ಯಗಳಿಗೆ ಆರ್ಬಿಟರ್ ಆಗಿ, ಅಂದರೆ ತೀರ್ಪುಗಾರ್ತಿಯಾಗಿ ಹೋಗುತ್ತಿದ್ದಳು. ಒಂದೇ ಮರದ ಕವಚದಲ್ಲಿ ಅಕ್ಕಪಕ್ಕ ಎರಡು ಮುಖ, ಪ್ರತಿ ಮುಖದ ಮೇಲೊಂದು ಗುಂಡಿ. ನನ್ನ ಗುಂಡಿ ಒತ್ತಿದರೆ ನನ್ನ ಮುಖ ನಿಂತು ಎದುರಾಳಿಯದು ಓಡತೊಡಗುತ್ತದೆ. ಹನ್ನೆರಡರ ಹತ್ತಿರ ಕೆಂಪು ತಗಡಿನ ಚಿಕ್ಕ ಬಾವುಟ. ನಿಮಿಷದ ಮುಳ್ಳು ಅದನ್ನು ಮೆಲ್ಲನೆ ಎತ್ತುತ್ತದೆ, ಗಂಟೆ ತುಂಬಿದೊಡನೆ ಬಿಟ್ಟುಬಿಡುತ್ತದೆ. ಪಂದ್ಯಗಳಲ್ಲಿ ಸಮಯ ಯಾವಾಗಲೂ ಆರಕ್ಕೆ ಮುಗಿಯುವಂತೆ ಮುಳ್ಳು ಇಡುವುದು ರೂಢಿ. ಅಮ್ಮ ಕೀ ಕೊಟ್ಟು ಎರಡೂ ಮುಖಗಳನ್ನು ಆರಕ್ಕೆ ಹತ್ತು ನಿಮಿಷವಿರುವಲ್ಲಿಗೆ ತಂದಿಟ್ಟಳು.

"ಒಬ್ಬೊಬ್ಬರಿಗೆ ಹತ್ತು ನಿಮಿಷ. ನಿಮ್ಮ ಮುಖ ಓಡ್ತಿರುವಾಗ ನೀವು ಮಾತ್ರ ಮಾತಾಡೋದು. ಮುಗೀತು ಅಂದ್ರೆ ಗುಂಡಿ ಒತ್ತಿ. ಸಮಯ ಮುಗಿದವರು ಸೋತ ಹಾಗೆ. ಗೆದ್ದವರು ಹೇಳಿದ ಹಾಗೆ ನಡೀಬೇಕು."

ಪಾಪು ನಕ್ಕ. "ಅಮ್ಮಾ, ಮಾತಲ್ಲಿ ನನ್ನ ಸೋಲಿಸ್ತಾಳಾ ಅಕ್ಕ? ಆಯ್ತು, ಒಪ್ಪಿದೆ."

"ಇನ್ನೊಂದು. ಬಾವುಟ ಬಿದ್ದದ್ದು ನಾನು ಹೇಳಲ್ಲ. ಬೇಗದ ಆಟದಲ್ಲಿ ಆರ್ಬಿಟರ್ ಹೇಳೋ ಹಾಗಿಲ್ಲ. ಎದುರಾಳಿ ನೋಡಿ ಹೇಳಬೇಕು, ಅದನ್ನ ಯಾವಾಗ ಬೇಕಾದ್ರೂ ಹೇಳಬಹುದು. ಹೇಳದಿದ್ರೆ ಆಟ ನಡೀತಾ ಇರುತ್ತೆ. ಎರಡೂ ಬಾವುಟ ಬಿದ್ದುಹೋದ್ರೆ ಡ್ರಾ. ಡ್ರಾ ಅಂದ್ರೆ ಈಗ ಹೇಗಿದೆಯೋ ಹಾಗೇ."

"ನಿನಗೆಲ್ಲಿ ಇರೋಕೆ ಇಷ್ಟ, ಅದನ್ನ ಹೇಳು ಮೊದಲು," ಎಂದ ಪಾಪು.

"ಆರ್ಬಿಟರಿಗೆ ಇಷ್ಟ ಇರಲ್ಲ," ಎಂದು ಅಮ್ಮ ನನ್ನ ಮುಖವನ್ನು ಓಡಲು ಬಿಟ್ಟಳು.

ಹೇಳಬೇಕಾದದ್ದು ನನಗೆ ಬಾಯಿಪಾಠವಾಗಿತ್ತು. ಆದರೂ ಶುರುವಿನ ವಾಕ್ಯ ಸರಿ ಅನಿಸಲಿಲ್ಲ. ಅಮ್ಮನ ಎದುರಿಗೇ ಅಮ್ಮನನ್ನು ಭಾರ ಎನ್ನದೆ ಭಾರದ ಮಾತಾಡುವುದು ಹೇಗೆ? ಒಂದು ಪದ ಹಿಡಿದೆ, ಬಿಟ್ಟೆ. ಇನ್ನೊಂದು ಹಿಡಿದೆ. ಗಡಿಯಾರ ಟಿಕ್ ಟಿಕ್ ಎನ್ನುತ್ತಿತ್ತು. ಮೌನ ಬಂಗಾರ ಎಂದು ನಂಬಿಕೊಂಡವಳ ಬಂಗಾರವೆಲ್ಲ ಕಣ್ಣೆದುರಿಗೇ ಕರಗುತ್ತಿತ್ತು. ಪಾಪು ಕಾಲಮೇಲೆ ಕಾಲು ಹಾಕಿ ಕುಳಿತ. ತಲೆಯೆತ್ತಿ ನೋಡಿದಾಗ ನನ್ನ ಮುಳ್ಳು ಅರ್ಧಕ್ಕಿಂತ ಹೆಚ್ಚು ದಾರಿ ನಡೆದಿತ್ತು.

"ನನ್ನ ಭುಜ ಕೆಟ್ಟಿದೆ," ಎಂದೆ. "ಮೂರು ತಿಂಗಳು ಎತ್ತೋ ಹಾಗಿಲ್ಲ. ಅಷ್ಟು ದಿನ ಅಮ್ಮನ್ನ ನೀನು ನೋಡ್ಕೋ." ಎಡಗೈಯಿಂದ ಗುಂಡಿ ಒತ್ತಿದೆ.

"ನೋಡ್ಕೊಳ್ಳಲ್ಲ ಅಂದವರು ಯಾರು?" ಎಂದು ಅವನು ಮುಂದಕ್ಕೆ ಬಾಗಿದ. ಅವನ ಮನೆಗೆ ಎರಡು ಮೆಟ್ಟಿಲು, ಅಮ್ಮನಿಗೆ ಮೆಟ್ಟಿಲಾಗದು. ಮಕ್ಕಳಿಗೆ ಪರೀಕ್ಷೆ. ಹೆಂಡತಿಗೆ ಆಫೀಸು. ಕೆಲಸದವಳನ್ನು ಇಟ್ಟುಕೊಂಡರಾಯಿತು. ಹಿಂದೆ ಇಬ್ಬರನ್ನು ಅಮ್ಮನೇ ಓಡಿಸಿದ್ದಳು ಎಂಬುದು ಅವನಿಗೂ ನೆನಪಾಯಿತು, ಅದಕ್ಕೂ ಅವನಲ್ಲಿ ಉತ್ತರವಿತ್ತು. ನಡುವೆ ಒಮ್ಮೆ ಗುಂಡಿ ಒತ್ತಿದ. "ಎರಡು ಮೆಟ್ಟಿಲಿಗೆ ಇಳಿಜಾರಾಗಿ ಹಲಗೆ ಹಾಕಿಸು," ಎಂದಷ್ಟೇ ಹೇಳಲು ನಾನು ಮತ್ತೆ ಎರಡು ನಿಮಿಷ ತಿಂದೆ. ಗುಂಡಿ ಒತ್ತಿದಾಗ ನನಗೆ ಉಳಿದದ್ದು ಒಂದೂವರೆ ನಿಮಿಷವಿದ್ದೀತು.

"ಹಲಗೆ ಅಂತೆ. ಮನೆ ಮಾರೋನು ನಾನು, ಹಲಗೆ ಹಾಕಿದ ಮನೆ ಹೇಗೆ ಕಾಣುತ್ತೆ ನಂಗೊತ್ತು," ಎಂದ. ಇನ್ನಷ್ಟು ಹೇಳಿದ. ಕೊನೆಗೆ ಕೈಚಾಚಿ, "ಈಗ ನೀನೇ ಹೇಳಕ್ಕ, ನಾನು ಹೇಳಿದ್ರಲ್ಲಿ ತಪ್ಪೇನಿದೆ?" ಎಂದು ಹಿಂದಕ್ಕೊರಗಿದ.

ಗುಂಡಿ ಒತ್ತಿರಲಿಲ್ಲ.

ಅವನ ಮುಖವೇ ಓಡುತ್ತಿತ್ತು. ಮಾತಾಡುವ ಸರದಿ ನನ್ನದಲ್ಲ. ನಾನು ಸುಮ್ಮನಿದ್ದೆ.

"ಏನಂತೀಯ?"

ಸುಮ್ಮನಿದ್ದೆ.

"ನೋಡಮ್ಮ, ಇವಳ ಹತ್ರ ಉತ್ತರ ಇಲ್ಲ. ಅಲ್ಲಕ್ಕ, ಚಿಕ್ಕಂದಿನಿಂದ ಹೀಗೇ ನೀನು. ಬಾಯಲ್ಲಿ ಅವಲಕ್ಕಿ ಇಟ್ಕೊಂಡವಳ ಹಾಗೆ..." ಸುಮ್ಮನಿರುವವರ ಎದುರು ಅವನಿಗೆ ಕುಳಿತಿರಲಾಗದು. ಮಾತು ತುಂಬಿಸುತ್ತಲೇ ಹೋದ. ಅವನ ಬಾವುಟ ಮುಳ್ಳಿನ ತುದಿಯಲ್ಲಿ ಅಡ್ಡಡ್ಡವಾಗಿ ನಿಂತಿತು. ಆಮೇಲೆ ಬಿತ್ತು. ಉಗುರು ಮೇಜಿಗೆ ತಾಗಿದಷ್ಟೇ ಸದ್ದು. ಅವನದೇ ಮಾತಿನಲ್ಲಿ ಅದು ಅವನಿಗೆ ಕೇಳಿಸಲಿಲ್ಲ.

ಅಮ್ಮ ಕಿಟಕಿಯ ಕಡೆ ತಿರುಗಿದಳು. ಅಷ್ಟು ಹೊತ್ತು ಗಡಿಯಾರದಿಂದ ಕಣ್ಣು ತೆಗೆಯದಿದ್ದವಳು ಎದುರು ಮನೆಯ ಗೋಡೆ ನೋಡುತ್ತ ಕುಳಿತಳು. ಅವಳಿಗೆ ಕಂಡಿದೆ ಎಂದು ನನಗೆ ಗೊತ್ತಾದದ್ದು ಅದರಿಂದಲೇ.

"ಓ, ಗುಂಡಿ," ಎಂದು ಪಾಪು ತನ್ನದನ್ನು ಒತ್ತಿದ.

ಈಗ ನನ್ನ ಮುಖ. ನನ್ನ ಬಾವುಟ ಆಗಲೇ ಅರ್ಧ ಮೇಲೆದ್ದಿತ್ತು. ಹೇಳಬೇಕಾದದ್ದು ಎರಡೇ ಪದ. ಆದರೆ ಆ ಎರಡು ಪದ ಆಡಿದರೆ ಅಮ್ಮನನ್ನು ಮನೆಯಿಂದ ಕಳಿಸಿದವಳು ನಾನಾಗುತ್ತೇನೆ. ಆಡದಿದ್ದರೆ ಯಾರೂ ಏನೂ ಅನ್ನುವುದಿಲ್ಲ. ಸಂಜೆ ಎಂದಿನಂತೆ ಅವಳ ಕಂಕುಳಿಗೆ ಕೈಕೊಡುತ್ತೇನೆ, ಈ ಕೈ ಪೂರ್ತಿ ಹೋಗುವವರೆಗೆ. ಇದಕ್ಕಿಂತ ಮೃದುವಾದ ಮಾತು ಹುಡುಕಿದೆ. ಇರಲಿಲ್ಲ. ಹುಡುಕಿ ದಣಿದೆ. ಆಮೇಲೆ ಬಾಯಿ ತೆರೆದದ್ದನ್ನು ಧೈರ್ಯ ಎಂದು ಕರೆಯಲಾರೆ.

"ಬಾವುಟ ಬಿತ್ತು," ಎಂದೆ. ಅಮ್ಮ ಚಿಕ್ಕಂದಿನಲ್ಲಿ ಕಲಿಸಿದಂತೆ, ಎರಡೂ ಗುಂಡಿಗಳನ್ನು ಸಮಕ್ಕೆ ತಂದು ನಿಲ್ಲಿಸಿದೆ. ಎರಡೂ ಮುಖಗಳು ನಿಂತವು.

ಪಾಪು ಬಗ್ಗಿ ನೋಡಿದ. "ಇದು... ಅವಳು ಉತ್ತರ ಕೊಡಲಿ ಅಂತ ಕಾಯ್ತಿದ್ದೆ ಅಮ್ಮ."

"ಕಾಯೋದು ನಿನ್ನ ಖರ್ಚಲ್ಲಿ ಆಯ್ತು," ಎಂದಳು ಅಮ್ಮ. ನನ್ನ ಕಡೆ ತಿರುಗಿ, "ನಿನ್ನದೆಷ್ಟು ಉಳಿದಿದೆ?"

"ಅರ್ಧ ನಿಮಿಷ ಇದ್ದೀತು."

"ಸಾಕು. ಕೈ ಕುಲುಕಿ ಇಬ್ಬರೂ."

ನಾನು ಎಡಗೈ ಚಾಚಿದೆ. ಅವನು ಆಗ ನನ್ನ ಬಲಗೈ ನೋಡಿದ. ಅದು ತೊಡೆಯ ಮೇಲೆ ಬೇರೆಯವರ ವಸ್ತುವಿನ ಹಾಗೆ ಬಿದ್ದಿತ್ತು. "ಇಷ್ಟು ಆಗಿದೆ ಅಂತ ಹೇಳಬಾರದಿತ್ತಾ ಅಕ್ಕ," ಎಂದ.

"ಮಾತ್ರೆ ಡಬ್ಬಿ, ಎರಡು ದಿಂಬು," ಎಂದಳು ಅಮ್ಮ. "ಗಡಿಯಾರಾನೂ ಚೀಲದಲ್ಲಿ ಇಡು. ಇವನ ಮನೇಲಿ ಅದಿಲ್ಲದೆ ನನಗೊಂದು ಮಾತಾಡೋಕೆ ಸಂದು ಸಿಗಲ್ಲ."

ಆಮೇಲೆ ಅಮ್ಮ ಏಳಲೆಂದು ಕೋಲು ಊರಿದಳು. ನಾನು ಅಭ್ಯಾಸಬಲದಿಂದ ಎದ್ದು ಅವಳತ್ತ ಬಾಗಿದೆ. ಅವಳು ಕೋಲನ್ನು ನನಗೆ ಅಡ್ಡ ಹಿಡಿದಳು.

"ಕೂತ್ಕೋ. ಅವನ ಸರದಿ."

ಪಾಪು ಎಲ್ಲಿ ಹಿಡಿಯಬೇಕೆಂದು ತಿಳಿಯದೆ ಅವಳ ಮೊಣಕೈ ಹಿಡಿದ. "ಅಲ್ಲಲ್ಲ, ಕಂಕುಳು," ಎಂದೆ. ಅವನು ಹಿಡಿತ ಬದಲಿಸಿ ಎತ್ತಿದ. ಉಸಿರು ಬಿಗಿದು ಅವನ ಮುಖ ಕೆಂಪಾಯಿತು. ಅಮ್ಮ ಎದ್ದು ನಿಂತಳು. ಅಷ್ಟು ಹೊತ್ತೂ ಅವನು ಒಂದು ಮಾತೂ ಆಡಲಿಲ್ಲ.