ಮತ್ತೆ ಅಂಟುವ ಬಾಲ

ಮಸರತ ಸೋದರತ್ತೆಯ ಕೈಯಿಂದ ಕತ್ತರಿ ಕಸಿದುಕೊಂಡಳು.

"ಅಂಗಡಿ ಬಟ್ಟಿ ಕತ್ತರಿಸಬ್ಯಾಡ್ರಿ ಫುಪ್ಪು. ಅಮ್ಮಿಗೆ ಹೊದಿಸೂ ಕಫನ್ ತವರಿಂದ ಬರಬೇಕು. ತಿಂಥಣಿಗೆ, ಮಾಮುಗ ಫೋನ್ ಮಾಡೇನಿ."

"ಬರ್ತಾನ, ಕುಂತಿರು!" ಸರ್ವರಬೇಗಂ ಸಿಡುಕಿದಳು. "ನಿಮ್ಮ ಮಾಮು ಈ ಹೊಸ್ತಿಲು ತುಳದು ಎಷ್ಟು ವರ್ಷಾತು? ತನ್ನ ಮಗ ಸೊಹೇಲ್‌ಗೆ ನಿನ್ನ ಕೇಳಿದ. 'ನನ್ನ ಮಗಳು ಓದ್ತಾಳ' ಅಂದಳು ನಿಮ್ಮಮ್ಮ. ಅವತ್ತೇ ಅಕ್ಕ-ತಮ್ಮಂದು ಮುರದು ಬಿತ್ತು. ಓದು ನೀ, ಇನ್ನೂ ಓದು!"

ತೊಳೆದ ಮೈಗೆ ಚಾದರ ಹೊದ್ದು ಅಮ್ಮ ದಾವಲಬೀ ಮಲಗಿದ್ದಳು. ಗಂಡ ಸತ್ತ ಮೇಲೆ ಶಹಾಪುರದ ಖಾನಾವಳಿಗೆ ಜೋಳದ ರೊಟ್ಟಿ ಬಡಿದು ಬಡಿದು ಗಟ್ಟಿಯಾದ ಅಂಗೈ, ಅಷ್ಟು ನೀರು ಸುರಿದರೂ ಮೆತ್ತಗಾಗಿರಲಿಲ್ಲ.

*

ಹೋದ ರಂಜಾನಿಗೆ ಕಲಬುರಗಿಯಿಂದ ಬಂದಿದ್ದ ಮಸರತ, ಒಲೆಯ ಮುಂದೆ ಕೂತು ಅಮ್ಮನಿಗೆ ತನ್ನ ಲ್ಯಾಬಿನ ಚಿತ್ರಗಳನ್ನು ಮೊಬೈಲಿನಲ್ಲಿ ತೋರಿಸಿದ್ದಳು. ಒಂದರಲ್ಲಿ ಜೀವಕೋಶದ ತುಂಬ ಚೆಲ್ಲಾಡಿದ ಹಸಿರು. ಇನ್ನೊಂದರಲ್ಲಿ ಹಸಿರು ಅಂಚಿಗೆ ಹೋಗಿ ಬಳೆಯಂತೆ ಕೂತಿತ್ತು.

"ಎರಡರಾಗೂ ಹಸಿರು ಕಾಣೂದು ಒಂದೇ ಪ್ರೋಟೀನ್ ಅಮ್ಮಿ. ಹಂಗೇ ಬಿಟ್ರ ಎಲ್ಲೆಲ್ಲೋ ತಿರಗತೈತಿ. ಕೊಬ್ಬಿಂದೊಂದು ಸಣ್ಣ ಬಾಲ ಅಂಟಿಸಿದ್ರ ಸೀದಾ ಹೋಗಿ ಕೋಶದ ಗೋಡಿ ಹಿಡೀತೈತಿ. ಆ ಗೋಡಿನೂ ಕೊಬ್ಬಿಂದೇ."

"ತನ್ನ ಬಳಗ ಕಂಡಕೂಡ್ಲೆ ಹಿಡ್ಕೋತೈತಿ ಅನ್ನು." ದಾವಲಬೀ ರೊಟ್ಟಿ ತಿರುವಿದಳು. "ಬಾಲ ಕಿತ್ತರ?"

"ಗೋಡಿ ಬಿಟ್ಟು ಬರತೈತಿ."

"ಮತ್ತ ಅಂಟೂದಿಲ್ಲೇನು?"

"ಕೆಲವು ಬಾಲ ಒಮ್ಮೆ ಅಂಟಿದ್ರ ಬಿಡೂದೇ ಇಲ್ಲ. ಕೆಲವು ಕಿತ್ತರೂ ಮತ್ತ ಅಂಟ್ತಾವ."

ದಾವಲಬೀ ರೊಟ್ಟಿ ತಿರುವುವುದನ್ನು ಮರೆತಳು. ಹಂಚಿನ ಮೇಲೆ ಅದು ಸೀಯಿತು.

"ನನ್ನ ತಮ್ಮ ದಸ್ತಗೀರಗ ಹೊಳಿ ಮೀನಂದ್ರ ಜೀವ," ಅಂದಳು ಕೊನೆಗೆ.

*

ಇಳಿಮಧ್ಯಾಹ್ನದ ಅಸರ್ ಆಜಾನ್ ಕೇಳಿಸಿತು. ಜನಾಜಾ ಎತ್ತುವ ಹೊತ್ತಾಯಿತೆಂದು ಗಂಡಸರು ಎದ್ದು ನಿಂತರು. ಅವರ ಹಿಂದೆ, ಬೀದಿಯಲ್ಲಿ, ದಸ್ತಗೀರಸಾಬ ಬರಿಗೈಯಲ್ಲಿ ನಿಂತಿದ್ದ.

ಮಸರತ ಬಾಗಿಲಿಗೆ ಓಡಿದಳು. "ಬಟ್ಟಿ ಎಲ್ಲಿ ಮಾಮು?"

"ಸುರಪುರದಾಗ ಬಸ್ ಇಳದು ಅಂಗಡಿ ಮುಂದ ನಿಂತೆ. ಒಳಗ ಹೋಗಾಕ ಕಾಲೇ ಏಳಲಿಲ್ಲವ್ವ. ಮಾತು ಬಿಟ್ಟವ ನಾನು. ಯಾವ ಮಾರಿ ಇಟ್ಕೊಂಡು ತರಲಿ?"

"ಮಾರಿ ಕಥಿ ಆಮ್ಯಾಲ ಹೇಳ್ರಿ!" ಮಸರತ ಕೂಗಿದಳು. "ಸಾಯೂತನ ನಿಮ್ಮ ದಾರಿ ನೋಡ್ಯಾಳ. ತವರಿನ ಒಂದು ಎಳಿ ಇಲ್ಲದ ಕಳಸ್ತೀರೇನು?"

ದಸ್ತಗೀರಸಾಬ ಕೈ ಎತ್ತಿ ತಲೆಯ ಬಿಳಿ ರುಮಾಲಿನ ಗಂಟು ಬಿಚ್ಚಿದ. "ಇವತ್ತ ಒಗದದ್ದು," ಅಂದ.

ಸುತ್ತಿದ್ದ ಬಟ್ಟೆ ಬೇಡವೆಂದಾಳೆಂದು ಜಗಳಕ್ಕೆ ತಯಾರಾಗಿ ಮಸರತ ಅತ್ತೆಯ ಕಡೆ ತಿರುಗಿದಳು. ಸರ್ವರಬೇಗಂ ಸೆರಗಿನಿಂದ ಮೂಗು ಒರೆಸಿಕೊಂಡಳು. "ತಲಿಗೆ ಹೊದಿಸೂ ತುಂಡಿಗೆ ನಡೀತೈತಿ, ಉಳದದ್ದು ಅಂಗಡಿ ಬಟ್ಟ್ಯಾಗ ಆಗತೈತಿ. ಲಗೂ ತಾ."

ಮಸರತ ರುಮಾಲಿನ ತುದಿ ಹಿಡಿದು ಒಳಕ್ಕೆ ನಡೆದಳು. ಅವನು ಬೀದಿಯಲ್ಲೇ ನಿಂತು ಸುತ್ತು ಸುತ್ತಾಗಿ ಬಿಚ್ಚುತ್ತ ಹೋದ. ಬಟ್ಟೆ ಹೊಸ್ತಿಲು ದಾಟಿತು, ಪಡಸಾಲೆ ದಾಟಿತು, ದಾವಲಬೀಯ ಒದ್ದೆ ಕೂದಲ ತನಕ ಬಂತು. ಇನ್ನೊಂದು ತುದಿಯನ್ನು ಅವನು ಬಿಟ್ಟಿರಲಿಲ್ಲ.