ಮಾರ್ಗಲ್ ಹೇಗೆ ನಡೆಯುತ್ತಿತ್ತು?

ಮಾರ್ಗಲ್‌ಗೆ ಎಷ್ಟು ಕಣ್ಣು, ಮೂತಿ ಎಷ್ಟು ಉದ್ದ, ಬೆನ್ನ ಮೇಲಿನ ಹುರುಪೆ ಯಾವ ಆಕಾರ, ಎಲ್ಲವೂ ಹೆಟಿಗೆ ಬಾಯಿಪಾಠವಾಗಿತ್ತು. ಅದು ಕೂಗಿದರೆ ಹೇಗಿರುತ್ತದೆ ಎಂಬುದೂ ಗೊತ್ತಿತ್ತು. ಬಸ್ಸಿನಲ್ಲಿ ಕೂತು ಮೈಮರೆತು ಆ ಕೂಗನ್ನು ಕೂಗಿ ಪಕ್ಕದವರಿಂದ ಬೈಸಿಕೊಂಡದ್ದೂ ಉಂಟು. ಗೊತ್ತಿಲ್ಲದ್ದು ಒಂದೇ. ಅದು ನಡೆಯುತ್ತಿದ್ದುದು ಹೇಗೆ?

‘ದೂರದ ದೀಪಸ್ತಂಭ’ ಎಂಬ ಟಿವಿ ಧಾರಾವಾಹಿ ಒಂದು ಕಾಲಕ್ಕೆ ಇಂಗ್ಲೆಂಡಿನ ಮಕ್ಕಳನ್ನೆಲ್ಲ ಶನಿವಾರ ಸಂಜೆ ಮನೆಯೊಳಗೆ ಕಟ್ಟಿಹಾಕಿತ್ತು. ಆಕಾಶದಾಚೆ ಒಂದು ದೀಪಸ್ತಂಭ, ಅಲ್ಲಿಗೆ ದಾರಿ ತಪ್ಪಿ ಬರುವ ಬಗೆಬಗೆಯ ಜೀವಿಗಳು. ಅದನ್ನು ಪ್ರಸಾರ ಮಾಡಿದ ಮಹಾನುಭಾವರು, ಟೇಪು ದುಬಾರಿಯೆಂದು, ಮುಗಿದ ಕಂತುಗಳನ್ನು ಅಳಿಸಿ ಅದರ ಮೇಲೆ ಕುದುರೆ ಓಟವನ್ನೋ ಅಡುಗೆ ಪಾಠವನ್ನೋ ತುಂಬಿಕೊಂಡರು. ಮಾರ್ಗಲ್ ಬಂದುಹೋದ ಕಂತೂ ಹಾಗೇ ಮಣ್ಣುಪಾಲಾಯಿತು. ಕಾಗದದ ಮೇಲಿನ ಸ್ಕ್ರಿಪ್ಟ್ ಬಿಟ್ಟರೆ ಉಳಿದದ್ದು ಎರಡೇ: ಆ ಸಂಜೆ ಯಾರೋ ಪುಣ್ಯಾತ್ಮ ಟಿವಿಯ ಮುಂದೆ ಮೈಕು ಹಿಡಿದು ತುಂಬಿಕೊಂಡ ಧ್ವನಿ, ಇನ್ನೊಬ್ಬ ಪರದೆಯ ಎದುರು ಕ್ಯಾಮೆರಾ ಇಟ್ಟು ತೆಗೆದ ಕೆಲವು ಫೋಟೋ. ಧ್ವನಿಗೆ ಆಕಾರವಿಲ್ಲ, ಫೋಟೋಗೆ ಚಲನೆಯಿಲ್ಲ. ಎರಡನ್ನೂ ಹೊಲಿದು, ನಡುವೆ ಹೋದದ್ದನ್ನು ಚಿತ್ರದಲ್ಲಿ ಬರೆದು, ಕಂತನ್ನು ಮತ್ತೆ ಎಬ್ಬಿಸಿ ಕೂರಿಸುವುದು ಸಾಲ್ಫರ್ಡಿನ ಒಂದು ಸಣ್ಣ ಅನಿಮೇಷನ್ ಸ್ಟುಡಿಯೋದಲ್ಲಿ ಹೆಟಿಯ ಕೆಲಸ.

“ಸೊಂಟದ ಮೇಲಕ್ಕೆ ಬರಿ,” ಎಂದ ಸ್ಟುಡಿಯೋದ ಯಜಮಾನ ಡಂಕನ್. ಅರವತ್ತು ದಾಟಿದವನು, ಆದರೂ ಮೈಮೇಲೆ ರಾಕೆಟ್ ಚಿತ್ರದ ಅಂಗಿ. “ಕಾಲು ಬರೆಯೋಕೆ ಹೋದ್ರೆ ವಾರಗಟ್ಟಲೆ ಹಿಡಿಯುತ್ತೆ. ನಮ್ಮ ಹತ್ರ ಅಷ್ಟು ಟೈಮ್ ಎಲ್ಲಿದೆ?”

ಇಂಥ ಬಡ ಸ್ಟುಡಿಯೋಗಳ ಹಳೇ ಉಪಾಯ ಅದು. ಪಾತ್ರಗಳನ್ನು ಸೊಂಟದಲ್ಲಿ ಕತ್ತರಿಸಿ ಹಿನ್ನೆಲೆಯ ಮುಂದೆ ಜಾರಿಸುತ್ತಾರೆ. ನೋಡುವವರಿಗೆ ಎಲ್ಲರೂ ಕಾಣದ ಸೈಕಲ್ ಮೇಲೆ ಹೋಗುತ್ತಿರುವಂತೆ ಕಾಣುತ್ತದೆ. ಹೆಟಿಗೆ ಅದನ್ನು ಕಂಡರೆ ಮೈ ಉರಿಯುತ್ತಿತ್ತು.

“ಡಂಕನ್, ಕೊನೇ ದೃಶ್ಯದಲ್ಲಿ ಅದು ನಡ್ಕೊಂಡು ಹೋಗೋದೇ ಕಥೆ. ಸೊಂಟ ಎಲ್ಲಿಂದ ಕತ್ತರಿಸ್ಲಿ?”

“ಹೇಗೆ ನಡೀತು ಅಂತ ಗೊತ್ತಾದ್ರೆ ಬರಿ, ಬೇಡ ಅನ್ನಲ್ಲ. ಗೊತ್ತಿಲ್ಲದ್ದನ್ನ ಊಹೆ ಮಾಡಿ ಕೆಡಿಸೋದು ಬೇಡ. ನನಗೆ ನೆನಪಿರೋದು ಒಂದೇ, ಹೋಗ್ತಾ ಹೋಗ್ತಾ ಮಧ್ಯದಲ್ಲಿ ಒಂದು ಸಲ ನಿಂತುಬಿಡ್ತು.”

ಧ್ವನಿ ತೊಳೆಯುವ ಕೀರನ್ ಕುರ್ಚಿಯಲ್ಲೇ ತಿರುಗಿದ. “ಶುರುವಾಯ್ತು. ಒಂಬತ್ತು ವರ್ಷದ ಹುಡುಗನ ನೆನಪು, ಅದರ ಮೇಲೆ ಐವತ್ತು ವರ್ಷದ ಬಿಯರು. ಸ್ಕ್ರಿಪ್ಟ್‌ನಲ್ಲಿ ನಿಲ್ಲೋದು ಗಿಲ್ಲೋದು ಏನೂ ಇಲ್ಲ.”

ಇರಲಿಲ್ಲ, ನಿಜ. ‘ಮಾರ್ಗಲ್ ನಮ್ಮಿಂದ ದೂರ ಮಂಜಿನೊಳಕ್ಕೆ ಹೋಗುತ್ತದೆ. ಕ್ಯಾಮೆರಾ ಕದಲುವುದಿಲ್ಲ’ ಎಂದಷ್ಟೇ ಇತ್ತು. ಧ್ವನಿಯಲ್ಲಿ ಮಾತ್ರ ಹೆಜ್ಜೆಯ ಸದ್ದು ಒಂದೆಡೆ ಕಡಿದು, ಸ್ವಲ್ಪ ಹೊತ್ತು ಬರಿದಾಗಿ, ಮತ್ತೆ ಶುರುವಾಗುತ್ತಿತ್ತು. ಟೇಪು ಸವೆದದ್ದಕ್ಕೆ ಹಾಗಾಗಿದೆ, ಬೇರೆ ಹೆಜ್ಜೆ ತಂದು ತೇಪೆ ಹಾಕುತ್ತೇನೆ ಎನ್ನುತ್ತಿದ್ದ ಕೀರನ್. ಹೆಟಿ ಅವನ ಕೈ ತಡೆದು, ತೇಪೆಗೆ ವಾರಾಂತ್ಯದವರೆಗೆ ತಡೆಯಾಜ್ಞೆ ತಂದಳು.

ಮಾರ್ಗಲ್ ವೇಷದೊಳಗಿದ್ದ ವಿಲ್ಫ್ ಹಾರ್ಗ್ರೀವ್ಸ್ ತೀರಿಕೊಂಡು ಬಹಳ ಕಾಲವಾಗಿತ್ತು. ಹೆಂಡತಿ ಬೆರಿಲ್ ಮೋರ್ಕಮ್‌ನಲ್ಲಿ, ಸಮುದ್ರದ ದಂಡೆಯಿಂದ ಎರಡು ಬೀದಿ ಹಿಂದೆ ಇದ್ದಳು. ಹೆಟಿ ರೈಲು ಹತ್ತಿದಳು.

ಬಾಗಿಲು ತೆರೆದವಳು ಮೋಟು ಹೆಂಗಸು, ಬೆಳ್ಳಿಗೂದಲು, ದಪ್ಪ ಕಾಲುಚೀಲ. ಹೆಟಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ಗಡ್ಡ ಇಲ್ಲ ನಿನಗೆ.”

“ಏನಂದ್ರಿ, ಮಿಸೆಸ್ ಹಾರ್ಗ್ರೀವ್ಸ್?”

“ವರ್ಷಕ್ಕೊಬ್ಬ ಬರ್ತಾನೆ, ಮಾರ್ಗಲ್ ಬಗ್ಗೆ ಹೇಳಿ ಅಂತ. ಎಲ್ಲರಿಗೂ ಗಡ್ಡ. ಬೆರಿಲ್ ಅಂತ ಕರಿ, ಸಾಕು. ಒಳಗೆ ಬಾ, ಗಾಳಿಗೆ ಬಾಗಿಲು ಕಿತ್ಕೊಂಡು ಹೋಗುತ್ತೆ.”

ಚಹಾ ಬಂತು, ಜೊತೆಗೆ ಅಂಟಂಟಾದ ಶುಂಠಿ ಕೇಕು. ಬೆರಿಲ್ ಗಂಡನ ಕಥೆಗಳನ್ನು ಒಂದರ ಹಿಂದೆ ಒಂದು ಬಿಚ್ಚಿದಳು. ಹೇಳಿ ಹೇಳಿ ನಯವಾದ ಕಥೆಗಳು. ವೇಷದೊಳಗಿನ ಸೆಕೆ, ಮೂತಿಯೊಳಗೆ ಅಂಟಿಕೊಂಡ ಟಾಫಿ, ಮಾರ್ಗಲ್ ತಲೆ ಹೊತ್ತೇ ಕ್ಯಾಂಟೀನಿಗೆ ಹೋಗಿ ಅಡುಗೆಯವಳನ್ನು ಹೆದರಿಸಿದ್ದು. ಹೆಟಿ ನಕ್ಕಳು. ಆ ಕಂತನ್ನು ತಾನು ಚಿತ್ರದಲ್ಲಿ ಮತ್ತೆ ಬರೆಯುತ್ತಿರುವುದನ್ನು ಹೇಳಿ, ಆಮೇಲೆ ಕೇಳಿದಳು.

“ಅದು ನಡೀತಿದ್ದುದು ಹೇಗೆ, ಬೆರಿಲ್?”

“ಹೇಗೆ ಅಂದ್ರೆ? ಕಾಲಿನ ಮೇಲೆ.” ಬೆರಿಲ್ ಎದ್ದು ಟೀ ಕೆಟಲಿಗೆ, ಬಿಸಿ ಆರದ ಹಾಗೆ ಹಾಕುವ ಉಣ್ಣೆ ಟೋಪಿ ತೊಡಿಸಿದಳು. ಅದಕ್ಕೆ ಆಗಲೇ ಒಂದು ಟೋಪಿ ಇತ್ತು.

ಹೆಟಿಯ ಕುತೂಹಲ ಕಿವಿ ನಿಮಿರಿಸಿತು. ಇಷ್ಟು ಹೊತ್ತು ನೀರು ಕುಡಿದಷ್ಟು ಸಲೀಸಾಗಿ ಮಾತಾಡಿದವಳು ಈ ಒಂದು ಪ್ರಶ್ನೆಗೆ ಯಾಕೆ ತಡವರಿಸಬೇಕು? ಅವಳ ಕಣ್ಣು ಗೋಡೆಯ ಕಡೆ ಹೋಯಿತು. ಅಲ್ಲಿ ಕ್ರಿಸ್‌ಮಸ್ ನಾಟಕದ ಒಂದು ಹಳೇ ಫೋಟೋ. ರಂಗದ ಮೇಲೆ ಬಟ್ಟೆ ವೇಷದ, ದೊಡ್ಡ ರೆಪ್ಪೆಯ ಹಸುವೊಂದು ಕಾಲು ಅಡ್ಡ ಹಾಕಿ ನಿಂತಿತ್ತು.

“ಅದು ವಿಲ್ಫಾ?”

“ಮುಂದಿನ ಅರ್ಧ. ಹಿಂದಿನ ಅರ್ಧ ಸಿಡ್ ಅಂತ. ಹದಿನಾರು ಚಳಿಗಾಲ ಇಬ್ಬರೂ ಒಂದೇ ಹಸು.”

ಹೆಟಿ ಆ ಹಸುವನ್ನು ನೋಡಿದಳು. ಮಾರ್ಗಲ್‌ನ ಫೋಟೋಗಳೆಲ್ಲ ಎದುರಿನಿಂದ ತೆಗೆದವು, ಹಿಂಭಾಗವೆಲ್ಲ ಮಂಜಿನಲ್ಲೋ ಬಂಡೆಯ ಮರೆಯಲ್ಲೋ. ಅದು ದಪ್ಪ ಬಾಲ ಎಳೆದುಕೊಂಡು ಹೋಗುವ ಪ್ರಾಣಿ ಎಂದೇ ಗಡ್ಡದವರೆಲ್ಲ ಪುಸ್ತಕ ಬರೆದಿದ್ದರು. ಅವಳು ಫೋನು ತೆಗೆದು ಮೇಜಿನ ಮೇಲಿಟ್ಟು ಧ್ವನಿ ಹಾಕಿದಳು. ದಪ್, ದಪ್, ಅದರ ಬೆನ್ನಿಗೇ ಹಗುರವಾಗಿ ತಪ್, ತಪ್. ಎಷ್ಟು ಸಲ ಕೇಳಿದ್ದ ಸದ್ದು. ಇದರಲ್ಲಿ ಬಾಲ ಎಲ್ಲಿದೆ? ನಾಲ್ಕು ಕಾಲು, ಅದರಲ್ಲಿ ಎರಡು ದೊಡ್ಡವು, ಎರಡು ಚಿಕ್ಕವು.

“ಹಿಂದೆ ಇದ್ದದ್ದು ಸಿಡ್ಡಾ?” ಎಂದಳು ಹೆಟಿ. “ಸಿಡ್‌ದು ಇಷ್ಟು ಚಿಕ್ಕ ಕಾಲಾ?”

ಬೆರಿಲ್ ಕೆಟಲಿಗೆ ಹಾಕಿದ ಎರಡನೇ ಟೋಪಿಯನ್ನು ನಿಧಾನವಾಗಿ ತೆಗೆದಳು.

“ಸಿಡ್ ಆವತ್ತು ಸೊಂಟ ಹಿಡ್ಕೊಂಡು ಮಲಗಿದ್ದ. ವಿಲ್ಫ್‌ಗೆ ಟಿವಿಯಲ್ಲಿ ಅದೇ ಮೊದಲು. ಬಿಟ್ರೆ ಹೋಯ್ತು. ನಾನು ಬರ್ತೀನಿ ಅಂದೆ. ನನ್ನ ಹತ್ರ ಕಲಾವಿದರ ಸಂಘದ ಕಾರ್ಡಿಲ್ಲ, ಗೊತ್ತಾದ್ರೆ ವಿಲ್ಫ್‌ನನ್ನೂ ಓಡಿಸ್ತಿದ್ರು. ಸಿಡ್‌ನ ಟೋಪಿ ಹಾಕ್ಕೊಂಡು ತಲೆ ತಗ್ಗಿಸಿ ಒಳಗೆ ಹೋದೆ, ವೇಷದೊಳಗೇ ಇದ್ದು ವೇಷದೊಳಗೇ ಹೊರಗೆ ಬಂದೆ.”

“ಯಾರಿಗೂ ಹೇಳ್ಲಿಲ್ವಾ?”

“ಹೇಳೋ ಹಾಗಿದ್ರೆ ಹೇಳ್ತಿದ್ದೆ.” ಬೆರಿಲ್ ಫೋನಿನ ಕಡೆ ಕೈ ತೋರಿಸಿದಳು. “ಇದರಲ್ಲಿ ಕೊನೇದೂ ಇದೆಯಾ? ಹೋಗೋದು?”

“ಇದೆ.”

“ಹಾಕು.”

ಹೆಜ್ಜೆಗಳು ದೂರವಾಗತೊಡಗಿದವು. ದಪ್, ದಪ್, ತಪ್. ಅಲ್ಲಿಗೆ ಸದ್ದು ನಿಂತಿತು. ಬರಿ ಗಾಳಿ. ಮತ್ತೆ ಮೊದಲು ದೊಡ್ಡ ಕಾಲು, ಆಮೇಲೆ ಚಿಕ್ಕ ಕಾಲು ಹೊರಟವು. ಬೆರಿಲ್ ಕೇಕಿನ ಚೂರುಗಳನ್ನು ಬೆರಳಿನಿಂದ ತಟ್ಟೆಯಲ್ಲಿ ಒಟ್ಟುಮಾಡುತ್ತಿದ್ದಳು. ಮುಖ ಕೆಂಪಗಾಗಿತ್ತು.

“ಅದು ನಾನೇ ಕಣೇ. ನೆಲದಲ್ಲಿ ಯಾವುದೋ ವೈರು. ಕಾಲಿಗೆ ಸಿಕ್ಕಿಕೊಳ್ತು. ಒಳಗೆ ಕಾಡುಗತ್ತಲೆ, ವಿಲ್ಫ್‌ನ ಬೆಲ್ಟು ಹಿಡ್ಕೊಂಡಿರ್ತೀನಿ ಅಷ್ಟೇ. ಅವನು ಮುಂದೆ ಹೋದ, ನಾನು ನಿಂತೆ. ವೇಷದ ಚರ್ಮ ಹರಿಯೋ ಹಾಗೆ ಎಳೀತು. ಅವನೂ ನಿಂತ. ಕಾಲು ಬಿಡಿಸ್ಕೊಂಡೆ, ಹೊರಟ್ವಿ. ಆಗೆಲ್ಲ ಇನ್ನೊಂದು ಸಲ ತೆಗೆಯೋದು ಅನ್ನೋದೇ ಇರ್ಲಿಲ್ಲ. ತಪ್ಪೋ ಒಪ್ಪೋ, ಹಾಗೇ ಹೋಗೋದು.”

“ಯಾರಾದ್ರೂ ಬೈದ್ರಾ?”

“ಬೈದಿದ್ರೆ ವಾಸಿ ಇತ್ತು. ನಿರ್ದೇಶಕ ಬಂದು, ನಮ್ಮ ಮುಂದೆ ನಿಂತು, ಸಿಗರೇಟು ಹಚ್ಚಿ, ಏನೂ ಹೇಳದೆ ಹೋದ. ಅಷ್ಟೇ. ವಿಲ್ಫ್‌ಗೆ ಮತ್ತೆ ಟಿವಿಯಿಂದ ಕರೆ ಬರ್ಲಿಲ್ಲ. ನಾನು ಕೆಡಿಸಿದೆ ಅಂತ ಅವನು ಸಾಯೋವರೆಗೂ ಒಂದು ಮಾತು ಅನ್ನಲಿಲ್ಲ. ‘ಏನೂ ಆಗಿಲ್ಲ ಬಿಡೇ’ ಅಂತಿದ್ದ. ಏನೂ ಆಗದಿದ್ರೆ ಯಾಕೆ ಕರೀಲಿಲ್ಲ?”

“ಟಿವಿಯಲ್ಲಿ ಬಂದಾಗ ನೀವು ನೋಡ್ಲಿಲ್ವಾ?”

“ಎಲ್ಲಿ ನೋಡೋದು? ಆ ಶನಿವಾರ ಓಲ್ಡಮ್‌ನಲ್ಲಿ ಹಸುವಿನ ನಾಟಕ, ನಾನೂ ಅಲ್ಲೇ. ಮತ್ತೆ ತೋರಿಸ್ಲೇ ಇಲ್ಲ, ಅಳಿಸೇ ಹಾಕಿದ್ರು. ಅಳಿಸಿದ್ದು ಒಳ್ಳೇದೇ ಆಯ್ತು ಅನ್ಕೊಂಡಿದ್ದೆ. ಈಗ ನೀನು ಬಂದು ಬರೀತೀನಿ ಅಂತೀಯ.” ಅವಳು ತಲೆಯೆತ್ತಿದಳು. “ಆ ಜಾಗ ಮುಚ್ಚಿಬಿಡೋಕೆ ಆಗುತ್ತಾ?”

ಆಗುತ್ತಿತ್ತು. ಕೀರನ್ ಕತ್ತರಿ ಹಿಡಿದು ಕಾದೇ ಇದ್ದ. ಒಂದು ಮಾತು ಸಾಕಿತ್ತು, ಬೆರಿಲ್‌ಗೆ ನೆಮ್ಮದಿ, ಯಜಮಾನನಿಗೂ ಖರ್ಚು ಕಡಿಮೆ. ಹೆಟಿಗೆ ಮಾತ್ರ ರಾಕೆಟ್ ಅಂಗಿಯ ಡಂಕನ್ ನೆನಪಾದ. ಅವನು ಸುಳ್ಳು ಹೇಳಿರಲಿಲ್ಲ.

“ಅದಕ್ಕೆ ಮುಂಚೆ ಒಬ್ಬರ ಮಾತು ಕೇಳ್ತೀರಾ?” ಎಂದು ಅವಳು ಡಂಕನ್‌ಗೆ ಫೋನು ಮಾಡಿ, ಇಬ್ಬರಿಗೂ ಕೇಳುವಂತೆ ಮೇಜಿನ ಮೇಲಿಟ್ಟಳು.

“ಡಂಕನ್, ಮಾರ್ಗಲ್ ಹೋದದ್ದನ್ನ ಇನ್ನೊಂದು ಸಲ ಹೇಳಿ.”

“ಯಾಕೆ, ಕೀರನ್ ಪಕ್ಕದಲ್ಲಿ ಕೂತಿದ್ದಾನಾ? ಆಡ್ಕೊಂಡಿದ್ದು ಸಾಲದಾ?”

“ಇಲ್ಲ, ನಾನು ಮೋರ್ಕಮ್‌ನಲ್ಲಿದೀನಿ. ಪೂರ್ತಿ ಹೇಳಿ.”

ಆ ಕಡೆಯಿಂದ ಕುರ್ಚಿ ಕಿರುಗುಟ್ಟಿತು. “ಏನಿದೆ ಹೇಳೋಕೆ? ಇಡೀ ಕಂತು ಹೆದರಿ ಅಕ್ಕನ ತೋಳು ಹಿಂಡ್ತಾ ಕೂತಿದ್ದೆ. ಕೊನೇಲಿ ಎಲ್ಲರೂ ಸೇರಿ ಅದನ್ನ ಓಡಿಸ್ತಾರಲ್ಲ, ಅದು ನಮಗೆ ಬೆನ್ನು ಹಾಕಿ ಹೊರಟಿತು. ಮುಖ ಕಾಣಲ್ಲ, ಬರೀ ಹಿಂಭಾಗ. ಅರ್ಧ ದಾರಿ ಹೋಗಿ ನಿಂತುಬಿಡ್ತು. ಮುಂದಿನ ಕಾಲು ಹೋಗೋಣ ಅನ್ನುತ್ತೆ, ಹಿಂದಿನ ಕಾಲು ಒಲ್ಲೆ ಅನ್ನುತ್ತೆ, ಹಾಗೆ. ಅಯ್ಯೋ ಪಾಪ, ಇದಕ್ಕೆ ಹೋಗೋಕೆ ಇಷ್ಟ ಇಲ್ಲ ಅನ್ನಿಸ್ತು. ಭಯ ಎಲ್ಲ ಅಲ್ಲೇ ಹೋಯ್ತು. ಮಲಗೋಕೆ ಮುಂಚೆ ಹಿತ್ತಿಲ ಮೆಟ್ಟಿಲ ಮೇಲೆ ಅದಕ್ಕೆ ಅಂತ ಜಾಮ್ ಹಚ್ಚಿದ ಬ್ರೆಡ್ಡು ಇಟ್ಟೆ. ಬೆಳಿಗ್ಗೆ ಇರುವೆ ಮುತ್ತಿ ಅಮ್ಮನ ಕೈಲಿ ಏಟು ತಿಂದೆ. ನಾನು ಈ ಹಾಳು ಕಸುಬಿಗೆ ಬಿದ್ದದ್ದೇ ಅದರಿಂದ. ಸಾಕಾ?”

ಬೆರಿಲ್‌ಳ ಬೆರಳು ತಟ್ಟೆಯಲ್ಲಿ ನಿಂತಿತ್ತು. ಕತ್ತಲೆಯೊಳಗೆ ಗಂಡನ ಬೆಲ್ಟು ಹಿಡಿದವಳಿಗೆ ಕ್ಯಾಮೆರಾ ಎಲ್ಲಿದೆಯೆಂದು ಹೇಗೆ ಗೊತ್ತಾಗಬೇಕು? ಅದು ಹಿಂದೆ ಇತ್ತು. ವಿಲ್ಫ್ ಆಗಲೇ ಮಂಜಿನಲ್ಲಿ ಮರೆಯಾಗಿದ್ದ. ಆ ಸಂಜೆ ದೇಶದ ಮಕ್ಕಳೆಲ್ಲ ಕೊನೆಗೆ ನೋಡಿದ್ದು ಅವಳನ್ನು, ಅವಳೊಬ್ಬಳನ್ನೇ. ಹೆಟಿ ಇದನ್ನು ಬಾಯಿಬಿಟ್ಟು ಹೇಳಬೇಕಾಗಲಿಲ್ಲ. ಬೆರಿಲ್ ಮೇಜಿನ ಮೇಲೆ ಎರಡು ಕೇಕಿನ ಚೂರಿಟ್ಟು, ಹಿಂದೆ ಕ್ಯಾಮೆರಾ ಎಂದು ಸಕ್ಕರೆ ಡಬ್ಬಿ ಸರಿಸಿ, ತಾನೇ ಲೆಕ್ಕ ಹಾಕಿಕೊಂಡಿದ್ದಳು.

ಅವಳು ಫೋನಿನ ಮೇಲೆ ಬಾಗಿದಳು. “ಯಾವ ಜಾಮು?”

“ಪ್ಲಮ್ಮು,” ಎಂದ ಡಂಕನ್, ಅಭ್ಯಾಸಬಲದಿಂದ. ಆಮೇಲೆ, “ಯಾರು ಮಾತಾಡ್ತಿರೋದು?”

“ಹಿಂಗಾಲು ಮಾತಾಡ್ತಿದೀನಿ.”

ಡಂಕನ್ ಕುರ್ಚಿ ದಡಕ್ಕನೆ ಹಿಂದೆ ತಳ್ಳಿ ಎದ್ದ ಸದ್ದು ಕೇಳಿಸಿತು.

“ಹೆಟಿ, ಕಾಲು ಬರಿ. ಎಷ್ಟು ವಾರ ಬೇಕೋ ತಗೋ. ಆ ನಿಲ್ಲೋ ಜಾಗ ಯಾರಾದ್ರೂ ಮುಟ್ಟಿದ್ರೆ ಕೈ ಮುರೀತೀನಿ ಅಂತ ಕೀರನ್‌ಗೆ ನಾನೇ ಹೇಳ್ತೀನಿ.”

ಫೋನು ಇಟ್ಟ ಮೇಲೆ ಬೆರಿಲ್ ಕರ್ಚೀಫು ಹುಡುಕಿ, ಸಿಗದೆ, ಕೆಟಲಿನ ಉಣ್ಣೆ ಟೋಪಿಯಲ್ಲೇ ಕಣ್ಣೊರೆಸಿಕೊಂಡಳು. ಅವಳಿಗೆ ಅಳುವಿಗಿಂತ ಸಿಟ್ಟೇ ಹೆಚ್ಚು ಬಂದಿತ್ತು. ವಿಲ್ಫ್ ನಿಜವನ್ನೇ ಹೇಳುತ್ತಿದ್ದ, ತಾನು ಒಂದು ದಿನವೂ ನಂಬಲಿಲ್ಲವಲ್ಲ ಎಂಬ ಸಿಟ್ಟು. ಅದನ್ನು ಅವಳು ವಿಲ್ಫ್‌ನ ಫೋಟೋಗೇ ನೇರವಾಗಿ ಹೇಳಿದಳು. “ಸರಿಯಾಗಿ ಗದರಿಸಿ ಹೇಳ್ಬಾರ್ದಿತ್ತೇನೋ, ಪೆದ್ದಾ?”

ಆಮೇಲೆ ಒಳಗೆ ಹೋಗಿ ಮಂಚದ ದಪ್ಪ ಹೊದಿಕೆ ಎಳೆದುಕೊಂಡು ಬಂದಳು. ಅದರ ಒಂದು ಕೊನೆಯನ್ನು ಹೆಟಿಯ ತಲೆಯ ಮೇಲೆ ಎಸೆದು, ಇನ್ನೊಂದರೊಳಗೆ ತಾನು ನುಸುಳಿ, ಹಿಂದಿನಿಂದ ಅವಳ ಬೆಲ್ಟು ಹಿಡಿದಳು. ಹಿಡಿತ ಗಟ್ಟಿಯಾಗಿತ್ತು.

“ನೀನು ಮುಂದೆ. ಹಿಂದಕ್ಕೆ ತಿರುಗಬೇಡ, ಮುಂದಿನವರಿಗೆ ಹಿಂದಿನದರ ಉಸಾಬರಿ ಬೇಡ. ಎಡಗಾಲು ಮೊದಲು.”

ಇಬ್ಬರೂ ಓಣಿಯಂಥ ಪಡಸಾಲೆಯಲ್ಲಿ ಬಾಗಿಲ ತನಕ ಹೋದರು, ತಿರುಗಿ ಅಡುಗೆಮನೆ ತನಕ ಬಂದರು. ದಪ್, ದಪ್, ತಪ್, ತಪ್. ಹೆಟಿಗೆ ಹೊದಿಕೆಯೊಳಗೆ ಏನೂ ಕಾಣುತ್ತಿರಲಿಲ್ಲ, ಆದರೆ ಮಾರ್ಗಲ್‌ನ ನಡಿಗೆ ಅವಳ ಸೊಂಟಕ್ಕೆ ಅರ್ಥವಾಗತೊಡಗಿತ್ತು. ಮೂರನೇ ಸುತ್ತಿಗೆ ಬೆಲ್ಟು ಹಿಂದಕ್ಕೆ ಜಗ್ಗಿತು. ಹೆಟಿ ಮುಗ್ಗರಿಸಿ ನಿಂತಳು.

“ಏನಾಯ್ತು, ಬೆರಿಲ್? ಕಾಲು ನೋವಾ?”

“ಕಾಲು ಚೆನ್ನಾಗೇ ಇದೆ,” ಎಂದಿತು ಹಿಂದಿನಿಂದ ದನಿ. “ನೀನು ಬೇಗ ನಿಂತುಬಿಟ್ಟೆ. ನಾನು ನಿಂತ ಮೇಲೆ ಒಂದು ಉಸಿರು ಬಿಟ್ಟು ನೀನು ನಿಲ್ಲಬೇಕು. ವಿಲ್ಫ್ ಹಾಗೇ ಮಾಡಿದ್ದು. ಬಾ, ವಾಪಸ್ ಬಾಗಿಲಿಗೆ ಹೋಗು. ಎಡವೋದನ್ನ ಸರಿಯಾಗಿ ಕಲಿಸ್ತೀನಿ.”